ಬಾಟಿಕ್ ಜಾವಾದ್ದಲ್ವಾ, ಮತ್ತೆ ಇದು ಹೇಗೆ ಅಬೊರಿಜಿನಲ್ ಕಲೆ?

ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಹೆಂಗಸರ ಬಾಟಿಕ್ ರೇಷ್ಮೆ ಬಗ್ಗೆ ಬಾಯಿ ಬಿಟ್ಟರೆ ಸಾಕು, ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಬಾಟಿಕ್ ಅಂದರೆ ಬಟ್ಟೆ ಮೇಲೆ ಬಿಸಿ ಮೇಣದಲ್ಲಿ ಗೆರೆ ಎಳೆದು ಬಣ್ಣದಲ್ಲಿ ಅದ್ದುವ ಕಲೆ; ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ನನ್ನ ಉತ್ತರ ಇಷ್ಟೇ: ಮೇಣ ಹಚ್ಚುವ ವಿದ್ಯೆ ಹೊರಗಿನದು, ಗೆರೆ ಅವರದ್ದೇ. ಶಾಂತಿನಿಕೇತನಕ್ಕೂ ಬಾಟಿಕ್ ಬಂದದ್ದು ಹೊರಗಿನಿಂದಲೇ, ಅದನ್ನು ಮಾತ್ರ ಯಾರೂ ಹೀಗೆ ಕೇಳುವುದಿಲ್ಲ ನೋಡಿ.

ದಕ್ಷಿಣ ಆಸ್ಟ್ರೇಲಿಯಾದ ಒಣ ಒಳನಾಡಲ್ಲಿ ಎರ್ನಬೆಲ್ಲಾ ಅಂತ ಊರಿದೆ. ಹಿಂದೆ ಅದು ಕ್ರೈಸ್ತ ಮಿಷನ್ ಆಗಿತ್ತು. 1948ರಲ್ಲಿ ಅಲ್ಲಿ ಕರಕುಶಲ ಕೋಣೆ ಶುರುವಾಗಿ, ಹೆಂಗಸರು ಉಣ್ಣೆ ನೂತು, ನೆಲಹಾಸು ಮಾಡಿ, ಬಳುಕುವ ಗೆರೆಗಳ ತಮ್ಮದೇ ಒಂದು ವಿನ್ಯಾಸ ಬೆಳೆಸಿಕೊಂಡಿದ್ದರು. ಲಿಯೊ ಬ್ರೆರಟನ್ ಎಂಬ ಅಮೆರಿಕದ ಕಲಾವಿದ ಬಾಟಿಕ್ ಕಲಿಸಿದ್ದು 1971ರಲ್ಲಿ. ಅಂದರೆ ವಿನ್ಯಾಸ ಮೊದಲೇ ಇತ್ತು, ಮೇಣ ಆಮೇಲೆ ಬಂತು. 1975ರಲ್ಲಿ ಎರ್ನಬೆಲ್ಲಾದ ನ್ಯುಕಾನಾ ಬೇಕರ್ ಮತ್ತು ಇನ್ನಿಬ್ಬರು ಜಾವಾದ ಯೋಗ್ಯಕರ್ತಾ ನಗರದ ಬಾಟಿಕ್ ಸಂಶೋಧನಾ ಸಂಸ್ಥೆಗೇ ಹೋಗಿ ಕಲಿತು ಬಂದರು. ಕೈಚಳಕ ಹೆಚ್ಚಿತು. ಜಾವಾದ ಚಿತ್ತಾರಗಳನ್ನು ಮಾತ್ರ ಅಲ್ಲೇ ಬಿಟ್ಟು ಬಂದರು.

ಉತ್ತರಕ್ಕೆ ಯುಟೋಪಿಯಾ ಎಂಬ ಇನ್ನೊಂದು ಜಾಗ. 1977ರಲ್ಲಿ ಅಲ್ಲಿಗೆ ಬಾಟಿಕ್ ಹೇಳಿಕೊಡಲು ಹೋದವರಲ್ಲಿ ಎರ್ನಬೆಲ್ಲಾದ ಹೆಂಗಸೊಬ್ಬರೂ ಇದ್ದರು. ಬಿಳಿಯರು ಕಲಿಸಿದರು, ಇವರು ಕಲಿತರು ಅಂತ ಕಥೆ ಹೇಳುವವರು ಈ ವಿಷಯವನ್ನೇ ಬಿಟ್ಟುಬಿಡುತ್ತಾರೆ! ಯುಟೋಪಿಯಾದ ಹೆಂಗಸರು ತಮ್ಮ ಆಚರಣೆಗಳಲ್ಲಿ ಎದೆ, ಭುಜಗಳ ಮೇಲೆ ಬಳಿದುಕೊಳ್ಳುವ ಪಟ್ಟೆಗಳನ್ನು ಬಟ್ಟೆಗೆ ತಂದರು. ಬಯಲಲ್ಲಿ ನೆಲದ ಮೇಲೆ ಕೂತು ಕೆಲಸ. ಮೇಣ ಬಿಡಿಸಲು ಬಟ್ಟೆಯನ್ನು ಕುದಿಸಬೇಕು, ಮತ್ತೆ ಮತ್ತೆ ಕುದಿಸಬೇಕು, ಆ ಬಿಸಿಲಲ್ಲಿ. 1988ರಲ್ಲಿ ಒಂದೇ ಯೋಜನೆಗೆ 88 ರೇಷ್ಮೆ ಬಟ್ಟೆ ಮಾಡಿದರು.

ಆ ಗುಂಪಿನಲ್ಲಿ ಎಮಿಲಿ ಕಾಮೆ ಕಂಗ್ವಾರೆಯೆ ಇದ್ದರು. ಆಮೇಲೆ ಕ್ಯಾನ್ವಾಸ್‌ಗೆ ಹೋಗಿ ಜಗತ್ತಿಗೇ ಗೊತ್ತಾದರು. ಬಾಟಿಕ್ ಯಾಕೆ ಬಿಟ್ಟಿರಿ ಅಂದರೆ, ಕುದಿಸಿ ಕುದಿಸಿ ಸಾಕಾಯ್ತು ಅನ್ನುವ ಅರ್ಥದಲ್ಲೇ ಹೇಳಿದ್ದರು. ಅದು ಸರಿಯೇ, ವಯಸ್ಸೂ ಆಗಿತ್ತು. ಆದರೆ ಅವರ ಹತ್ತು ವರ್ಷಗಳ ಬಾಟಿಕ್ ಅನ್ನು ಸುಮ್ನೆ ಚಿತ್ರಕಲೆಗೆ ಮುಂಚಿನ ತಾಲೀಮು ಅನ್ನುತ್ತಾರಲ್ಲ, ನನಗೆ ಅದು ಒಪ್ಪಿಗೆಯಿಲ್ಲ. ಕ್ಯಾನ್ವಾಸ್‌ಗೆ ದುಡ್ಡು ಜಾಸ್ತಿ ಸಿಕ್ಕಿತು, ಅಷ್ಟೇ.

ಇನ್ನೊಂದು ಮಾತು. 1990ರ ದಶಕದಲ್ಲಿ ಯೋಗ್ಯಕರ್ತಾದ ಬ್ರಹ್ಮ ತೀರ್ಥ ಸಾರಿ ಸ್ಟುಡಿಯೊದ ಆಗುಸ್ ಇಸ್ಮೊಯೊ, ನಿಯಾ ಫ್ಲೀಯಮ್ ದಂಪತಿ ಯುಟೋಪಿಯಾದವರ ಜೊತೆ ಸೇರಿ ಬಾಟಿಕ್ ಮಾಡಿದರು. ಆ ಬಟ್ಟೆಗಳನ್ನು ತೋರಿಸಿ ಇದು ಯಾರದ್ದು ಅಂತ ಕೇಳಿದರೆ, ಆಗ ನಾನೂ ಒಂದೇ ಹೆಸರು ಹೇಳಲಾರೆ.