ಪಂಪಿನಲ್ಲಿ ಉಳಿದಿದ್ದ ಔಷಧಿ

ತರಕಾರಿ ತೋಟದಲ್ಲಿ ಔಷಧಿ ಹೊಡೆಸುವ ಜವಾಬ್ದಾರಿ ನನ್ನದು. ಅರ್ಧ ತೋಟಕ್ಕೆ ರಾಸಾಯನಿಕ ಬಳಸುತ್ತೇವೆ, ಉಳಿದರ್ಧ ಸಾವಯವ. ಒಮ್ಮೆ ಸಾವಯವ ಸಾಲುಗಳ ಸ್ಯಾಂಪಲ್ ಲ್ಯಾಬಿಗೆ ಹೋದಾಗ ಅದರಲ್ಲಿ ರಾಸಾಯನಿಕ ಕೀಟನಾಶಕ ಇದೆ ಅಂತ ವರದಿ ಬಂತು. ಆ ಸಾಲುಗಳಿಗೆ ನಾವು ಬೇವಿನ ಎಣ್ಣೆ ಬಿಟ್ಟು ಬೇರೇನೂ ಹೊಡೆದಿರಲಿಲ್ಲ.

ಮೊದಲು ಗಾಳಿಯ ಮೇಲೆ ಅನುಮಾನ ಬಂತು. ಆಮೇಲೆ ಪುಸ್ತಕ ತೆಗೆದು ನೋಡಿದೆ. ಬೇವಿನ ಎಣ್ಣೆ ಹೊಡೆಯುವ ಹಿಂದಿನ ದಿನ ಅದೇ ಪಂಪಿನಲ್ಲಿ ಆ ಕಡೆ ರಾಸಾಯನಿಕ ಹೊಡೆದಿದ್ದೆವು. ನಡುವೆ ಒಂದೇ ಸಲ ನೀರು ಹಾಕಿ, ಅಲುಗಾಡಿಸಿ ಚೆಲ್ಲಿದ್ದು. ಅಷ್ಟು ಸಾಕು ಅಂದಿದ್ದು ನಾನೇ.

ಲ್ಯಾಬಿನವರು ಕಿಲೋಗೆ 0.01 ಮಿಲಿಗ್ರಾಂ ಇದ್ದರೂ ಹಿಡಿಯುತ್ತಾರೆ. ಅಂದರೆ ಒಂದು ಟನ್ ತರಕಾರಿಯಲ್ಲಿ 10 ಮಿಲಿಗ್ರಾಂ. ಪೈಪಿನಲ್ಲಿ, ಜರಡಿಯಲ್ಲಿ, ನಾಜಲ್‌ನಲ್ಲಿ ನಿಂತ ಔಷಧಿ ಅದಕ್ಕೆ ಧಾರಾಳ ಸಾಕು.

ತೊಳೆಯೋದರಲ್ಲೂ ಒಂದು ಲೆಕ್ಕ ಇದೆ. ಪಂಪಿನ ತಳದಲ್ಲಿ ಅರ್ಧ ಲೀಟರ್ ಉಳಿದಿದೆ ಅಂದುಕೊಳ್ಳಿ. ಹದಿಮೂರೂವರೆ ಲೀಟರ್ ನೀರನ್ನು ಒಂದೇ ಸಲ ಹಾಕಿ ಚೆಲ್ಲಿದರೆ ಔಷಧಿ 28ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ನೀರನ್ನು ನಾಲ್ಕೂವರೆ ಲೀಟರಿನಂತೆ ಮೂರು ಸಲ ಹಾಕಿ, ಪ್ರತಿ ಸಲ ಚೆಲ್ಲಿದರೆ 1000ದಲ್ಲಿ ಒಂದು ಪಾಲು! ನೀರು ಅಷ್ಟೇ, ಕೆಲಸ ಸ್ವಲ್ಪ ಜಾಸ್ತಿ. ತೊಳೆದ ನೀರು ಮೋರಿಗೆ ಹೋಗಬಾರದು. ಆ ಔಷಧಿ ಹೊಡೆದ ಬೆಳೆಯ ಮೇಲೇ ಹೊಡೆಯಬೇಕು.

ಈಗ ಸಾವಯವಕ್ಕೆ ಬೇರೆಯೇ ಪಂಪು, ಬೇರೆ ಬಕೆಟ್ಟು, ಬೇರೆ ಅಳತೆಯ ಲೋಟ. ಲೋಟವನ್ನು ಎಲ್ಲರೂ ಮರೆಯುತ್ತಾರೆ.

ಇದರ ಜೊತೆಗೆ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಸಾವಯವದಲ್ಲೂ ನಾವು ವಾರಕ್ಕೊಮ್ಮೆ ಸುಮ್ನೆ ಹೊಡೆಯುತ್ತಿದ್ದೆವು. ಹುಳ ಇದೆಯೋ ಇಲ್ಲವೋ, ವಾರ ಬಂದರೆ ಪಂಪು ಬೆನ್ನಿಗೆ. ಗಿಡದಿಂದ ಬಂದ ಔಷಧಿ ಅಂದರೆ ಯಾರಿಗೂ ತೊಂದರೆ ಇಲ್ಲ ಅಂತಲ್ಲ. ಹೂವಿನಿಂದ ತೆಗೆಯುವ ಪೈರೆಥ್ರಮ್ ಅನ್ನೋ ಕೀಟನಾಶಕ, ಗಿಡದ ರಸ ಹೀರುವ ಹೇನುಗಳನ್ನು ತಿನ್ನುವ ಗುಲಗಂಜಿ ಹುಳುವನ್ನೂ ಕೊಲ್ಲುತ್ತದೆ. ಸ್ಪಿನೋಸಾಡ್ ಅನ್ನೋ ಕೀಟನಾಶಕವೂ ಸಾವಯವದಲ್ಲಿ ಬಳಸುವಂಥದ್ದೇ, ಆದರೆ ಹಸಿಯಾಗಿರುವಾಗ ಜೇನುಹುಳುವಿಗೆ ವಿಷ. ಹಾಗಾಗಿ ಜೇನು ಗೂಡು ಸೇರಿದ ಮೇಲೆ, ಸಂಜೆಯೇ ಹೊಡೆಯಬೇಕು. ಬಿ.ಟಿ. ಬ್ಯಾಕ್ಟೀರಿಯಾದ ಪುಡಿಯನ್ನೂ ಸಂಜೆಗೇ ಇಟ್ಟುಕೊಂಡಿದ್ದೇವೆ, ಬಿಸಿಲಿಗೆ ಅದು ಬೇಗ ಕೆಡುತ್ತದೆ. ಅದು ಎಲೆ ತಿನ್ನುವ ಮರಿ ಹುಳುಗಳಿಗೆ ಚೆನ್ನಾಗಿ ಹಿಡಿಯುತ್ತದೆ. ಬಲಿತ ಹುಳುವಿಗೆ ಹೊಡೆದು ಕೆಲಸ ಮಾಡಲಿಲ್ಲ ಅಂದರೆ ತಪ್ಪು ಪುಡಿಯದಲ್ಲ ಅಲ್ವಾ?

ಈಗ ವಾರಕ್ಕೆರಡು ಬೆಳಿಗ್ಗೆ ಸಾಲುಗಳ ನಡುವೆ ಓಡಾಡಿ ಎಲೆ ಮಗುಚಿ ನೋಡುತ್ತೇವೆ. ಎಷ್ಟು ಗಿಡದಲ್ಲಿ ಹೇನು, ಎಷ್ಟರಲ್ಲಿ ಗುಲಗಂಜಿ ಹುಳುವಿನ ಮರಿ, ಎರಡನ್ನೂ ಬರೆಯುತ್ತೇವೆ. ಈ ಮರಿ ಉದ್ದಕ್ಕೆ, ಕಪ್ಪಗೆ, ಮೈಮೇಲೆ ಮುಳ್ಳಿನಂತಿರುತ್ತದೆ. ಹೊಸಬರು ಇದನ್ನೇ ಕೀಟ ಅಂತ ಹೊಸಕಿಬಿಡುತ್ತಾರೆ. ಕೆಲವು ಹೇನುಗಳು ಊದಿಕೊಂಡು, ಒಣ ಕಾಳಿನಂತೆ ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿರುತ್ತವೆ. ಅದು ರೋಗವಲ್ಲ. ಪುಟ್ಟ ಕಣಜವೊಂದು ಹೇನಿನೊಳಗೆ ಮೊಟ್ಟೆ ಇಟ್ಟಿದೆ, ಒಳಗೆ ಅದರ ಮರಿ ಬೆಳೆಯುತ್ತಿದೆ. ಅಂಥವು ತುಂಬಾ ಕಂಡ ಸಾಲಿಗೆ ಆ ವಾರ ಏನೂ ಹೊಡೆಯುವುದಿಲ್ಲ.