ರಾಗಿ ಕಡಿಮೆಯಾಯಿತೋ, ಸೇರು ದೊಡ್ಡದಾಯಿತೋ

"ಸರ್, ನಿಮ್ಮ ರಿಪೋರ್ಟ್ ನೋಡಿದೆ. ನಮ್ಮ ಐದನೇ ಕ್ಲಾಸಿನ ಮಕ್ಕಳು ಇಷ್ಟೊಂದು ಹಿಂದೆ ಬಿದ್ದಿಲ್ಲ. ದಿನಾ ಪಾಠ ಮಾಡೋಳು ನಾನು, ನನಗೆ ಗೊತ್ತಾಗಲ್ವಾ?"

2025ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಶಾಲೆಯ ಹೆಡ್ ಮೇಡಂ ಫೋನ್ ಮಾಡಿ ಹೀಗೆ ಹೇಳಿದರು. ಅವರು ಕೋಪದಿಂದ ಮಾತಾಡಲಿಲ್ಲ. ಅದಕ್ಕೇ ನನಗೆ ಜಾಸ್ತಿ ಕಳವಳವಾಯಿತು.

ಜಯನಗರದ ಒಂದು ಪುಟ್ಟ ಆಫೀಸಿನಲ್ಲಿ ನನ್ನ ಕೆಲಸ. ಶಾಲಾ ಮಕ್ಕಳಿಗೆ ಪ್ರತಿವರ್ಷ ಗಣಿತದ ಪರೀಕ್ಷೆ ಮಾಡುತ್ತೇವೆ. ಒಂದೇ ಪೇಪರನ್ನು ಮತ್ತೆ ಮತ್ತೆ ಕೊಟ್ಟರೆ ಪ್ರಶ್ನೆಗಳು ಹೊರಗೆ ಹೋಗುತ್ತವೆ. ಹಾಗಾಗಿ ವರ್ಷ ವರ್ಷ ಬೇರೆ ಪೇಪರ್. ಹೋದ ವರ್ಷದ ಸರಾಸರಿ 40ಕ್ಕೆ 24 ಇತ್ತು, ಈ ವರ್ಷ 21 ಬಂತು. ಮಕ್ಕಳ ಕಲಿಕೆ ಇಳಿಯಿತೋ, ಪೇಪರ್ ಕಷ್ಟವಾಯಿತೋ? ಮೊದಲು ಹತ್ತು ಸೇರು ಇದ್ದ ರಾಗಿ ಈಗ ಎಂಟೇ ಸೇರು ಬಂದರೆ ರಾಗಿಯನ್ನೂ ನೋಡಬೇಕು, ಸೇರನ್ನೂ ನೋಡಬೇಕು. ಇವೆರಡನ್ನು ಬೇರೆ ಮಾಡುವ ಲೆಕ್ಕಕ್ಕೆ ಈಕ್ವೇಟಿಂಗ್ ಎನ್ನುತ್ತಾರೆ.

ಜೆಇಇ ಮೇನ್‌ನಲ್ಲಿ ಪರ್ಸೆಂಟೈಲ್ ಕೊಡುತ್ತಾರಲ್ಲ, ನೀವೂ ಹಾಗೇ ಮಾಡಿ ಎಂದು ತುಂಬಾ ಜನ ಹೇಳುತ್ತಾರೆ. ಅಲ್ಲಿ ಒಂದು ಶಿಫ್ಟ್‌ನಲ್ಲಿ ಬರೆದವರ ಪೈಕಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಮಾರ್ಕ್ಸ್ ತೆಗೆದವರು ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಎಲ್ಲಾ ಶಿಫ್ಟ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದವರು ಹಂಚಿಹೋಗಿದ್ದಾರೆ ಎಂಬ ನಂಬಿಕೆಯ ಮೇಲೆ ಆ ಲೆಕ್ಕ ನಿಂತಿದೆ. ನಮಗೆ ಆ ನಂಬಿಕೆ ಇಟ್ಟುಕೊಳ್ಳಲು ಬರುವುದಿಲ್ಲ. ಮಕ್ಕಳ ಮಟ್ಟ ಬದಲಾಯಿತೇ ಎಂಬುದೇ ನಮ್ಮ ಪ್ರಶ್ನೆ!

ಅದಕ್ಕೆ ಎರಡೂ ಪೇಪರ್‌ಗಳಲ್ಲಿ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಳ್ಳುತ್ತೇವೆ. ಇವೇ ಆಂಕರ್ ಪ್ರಶ್ನೆಗಳು. ಪೇಪರಿನ ಐದರಲ್ಲಿ ಒಂದು ಪಾಲಾದರೂ ಇರಬೇಕು ಎಂಬುದು ಈ ಕೆಲಸದಲ್ಲಿ ರೂಢಿ. ಸಂಖ್ಯೆ ಮಾತ್ರ ಸಾಲದು. ಇಡೀ ಪೇಪರಿನ ಚಿಕ್ಕ ರೂಪದಂತಿರಬೇಕು: ಭಿನ್ನರಾಶಿ, ಅಳತೆ, ಸುಲಭ, ಕಷ್ಟ ಎಲ್ಲವೂ ಅದೇ ಪ್ರಮಾಣದಲ್ಲಿ. ನಮ್ಮದರಲ್ಲಿ 40ಕ್ಕೆ 10 ಇದ್ದವು.

ಆಂಕರ್‌ನಲ್ಲಿ ಎರಡೂ ವರ್ಷ ಒಂದೇ ಮಾರ್ಕ್ಸ್ ಬಂದರೆ ಮಕ್ಕಳು ಒಂದೇ ಮಟ್ಟದವರು, ಕಷ್ಟವಾದದ್ದು ಪೇಪರ್. ನಮ್ಮಲ್ಲಿ 10ಕ್ಕೆ 6.0 ಇದ್ದದ್ದು 5.6ಕ್ಕೆ ಇಳಿದಿತ್ತು. 40ಕ್ಕೆ ಹಿಗ್ಗಿಸಿದರೆ 1.6. ಅಂದರೆ ಮೂರು ಮಾರ್ಕ್ಸಿನ ಇಳಿತದಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ತಲೆಗೆ ಬಂತು. (ನಿಜವಾದ ಲೆಕ್ಕದಲ್ಲಿ ಅಂಕಗಳ ಹರಡುವಿಕೆಯನ್ನೂ ಸೇರಿಸುತ್ತೇವೆ. ಇಲ್ಲಿ ಸರಳವಾಗಿ ಹೇಳುತ್ತಿದ್ದೇನೆ.) ರಿಪೋರ್ಟ್‌ನಲ್ಲಿ ನಾನು ಬರೆದದ್ದೂ ಅದೇ.

ಮೇಡಂ ಫೋನ್ ಇಟ್ಟ ಮೇಲೆ ಹತ್ತೂ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಹೋದ ವರ್ಷ ನೂರಕ್ಕೆ ಎಷ್ಟು ಮಕ್ಕಳು ಸರಿ ಮಾಡಿದರು, ಈ ವರ್ಷ ಎಷ್ಟು. ಒಂಬತ್ತು ಪ್ರಶ್ನೆಗಳಲ್ಲಿ ಒಂದೆರಡರ ವ್ಯತ್ಯಾಸ. ಒಂದರಲ್ಲಿ ಮಾತ್ರ 68 ಇದ್ದದ್ದು 41 ಆಗಿತ್ತು. ಆಟೋ ಬಾಡಿಗೆಯ ಲೆಕ್ಕ.

ಹಳೇ ಪೇಪರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15. ಐದು ಕಿಲೋಮೀಟರಿಗೆ ಎಷ್ಟು? ಹೊಸದರಲ್ಲಿ 36 ಮತ್ತು 18! ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೀಟರ್ ದರ ಹಾಗೆ ಏರಿದ್ದು ನಿಮಗೂ ಗೊತ್ತು. ಪ್ರಶ್ನೆ ತಿದ್ದಿದ್ದು ನಮ್ಮಲ್ಲೇ ತುಂಬಾ ಜಾಗ್ರತೆಯ ಮೇಡಂ ಒಬ್ಬರು. "ಮಕ್ಕಳಿಗೆ ಹಳೇ ದರ ಕೊಟ್ರೆ ತಪ್ಪಲ್ವಾ ಸರ್?" ಎಂದರು. ಅವರ ಮಾತು ನ್ಯಾಯವಾಗಿತ್ತು. ಯಾವ ಹತ್ತು ಪ್ರಶ್ನೆ ಮುಟ್ಟಬಾರದು ಎಂದು ನಾನೇ ಅವರಿಗೆ ಹೇಳಿರಲಿಲ್ಲ. ತಪ್ಪು ನನ್ನದು.

ಹದಿನೈದು ಮೂರಲ ನಲವತ್ತೈದು, ಅದಕ್ಕೆ ಮೂವತ್ತು ಸೇರಿಸಿದರೆ ಎಪ್ಪತ್ತೈದು. ಹತ್ತು ವರ್ಷದ ಮಗು ಬಾಯಲ್ಲೇ ಹೇಳುತ್ತದೆ. ಹದಿನೆಂಟು ಮೂರಲ ಐವತ್ತನಾಲ್ಕು, ಅದಕ್ಕೆ ಮೂವತ್ತಾರು. ಇಲ್ಲಿ ದಶಕ ಕೈಗೆ ಬರುತ್ತದೆ, ಮಗು ಎಡವುತ್ತದೆ. ನೋಡಲು ಅದೇ ಪ್ರಶ್ನೆ, ಅಳತೆ ಬೇರೆ.

ಅದನ್ನು ಆಂಕರ್‌ನಿಂದ ತೆಗೆದು ಒಂಬತ್ತರಲ್ಲೇ ಲೆಕ್ಕ ಹಾಕಿದೆ. 1.6 ಇದ್ದ ಇಳಿತ 0.6ಕ್ಕೆ ಬಂತು. ಪ್ರತಿ ಮಗುವಿಗೂ ಸುಮಾರು ಒಂದು ಮಾರ್ಕ್ ಅನ್ಯಾಯವಾಗಿತ್ತು. ವಿಶೇಷ ತರಗತಿಗೆ ಯಾರು ಹೋಗಬೇಕು ಎಂಬುದನ್ನು ಇದೇ ಮಾರ್ಕ್ಸ್ ಮೇಲೆ ನಿರ್ಧರಿಸುತ್ತಾರೆ. ಅಂಚಿನಲ್ಲಿದ್ದ ಮಕ್ಕಳ ಹೆಸರುಗಳನ್ನು ನೋಡುತ್ತಾ ಹೊಟ್ಟೆಯಲ್ಲಿ ಸಂಕಟವಾಯಿತು.

ಈಗ ಆಂಕರ್ ಪ್ರಶ್ನೆಗಳ ಸುತ್ತ ಹಳದಿ ಬಣ್ಣ ಹಾಕುತ್ತೇವೆ. ಅಕ್ಷರ, ಚಿತ್ರ, ಉತ್ತರಗಳ ಸಾಲು ಯಾವುದನ್ನೂ ಕದಲಿಸುವುದಿಲ್ಲ. ಪೇಪರಿನಲ್ಲಿ ಅವು ಇರುವ ಜಾಗವನ್ನೂ ಅಷ್ಟೇ: ಐದನೇ ಪ್ರಶ್ನೆಯನ್ನು ಮೂವತ್ತೆಂಟನೇ ಜಾಗಕ್ಕೆ ಹಾಕಿದರೆ, ಸುಸ್ತಾದ ಮಗುವಿಗೆ ಅದೇ ಪ್ರಶ್ನೆ ಕಷ್ಟವಾಗುತ್ತದೆ. ಊರಿನ ಬೆಲೆಯ ಜೊತೆ ಬದಲಾಗುವ ಸಂಖ್ಯೆ ಇರುವ ಪ್ರಶ್ನೆಯನ್ನು ಆಂಕರ್‌ಗೆ ಆರಿಸುವುದನ್ನೇ ಬಿಟ್ಟಿದ್ದೇವೆ.

ಸರಿಪಡಿಸಿದ ರಿಪೋರ್ಟನ್ನು ಮೇಲ್ ಮಾಡದೆ ಶಾಲೆಗೆ ನಾನೇ ತೆಗೆದುಕೊಂಡು ಹೋದೆ. ಆಟೋ ಪ್ರಶ್ನೆಯ ಎರಡೂ ರೂಪಗಳನ್ನು ಮೇಡಂ ಮುಂದಿಟ್ಟೆ. ಅವರು ಪೆನ್ಸಿಲ್ ತೆಗೆದುಕೊಂಡು ಎರಡನ್ನೂ ತಾವೇ ಬಿಡಿಸಿದರು. "ನಾಳೆ ಹದಿನೆಂಟರ ಮಗ್ಗಿ ಹೇಳಿಸ್ತೀನಿ," ಎಂದರು.