219ನೇ ಕರೆ

ವಿದ್ಯಾರ್ಥಿಗಳು ಸಲ್ಲಿಸುವ ಸಿ ಪ್ರೋಗ್ರಾಂಗಳನ್ನು ಓಡಿಸಿ ಅಂಕ ಕೊಡುವ ಸರ್ವರ್ ಒಂದಕ್ಕೆ ಸ್ಯಾಂಡ್‌ಬಾಕ್ಸ್, ಅಂದರೆ ಪ್ರೋಗ್ರಾಂಗಳು ಹದ್ದು ಮೀರದಂತೆ ತಡೆಯುವ ಬೇಲಿ, ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೆಕ್‌ಕಾಂಪ್ ಸೌಲಭ್ಯದಲ್ಲಿ ನಾವೇ ಫಿಲ್ಟರ್ ಬರೆಯುವ ಅವಕಾಶ 2012ರ 3.5ನೇ ಆವೃತ್ತಿಯಿಂದ ಇದೆ. ಯಾವ ಸಿಸ್ಟಂ ಕಾಲ್‌ಗಳಿಗೆ (ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಕೇಳುವ ಕರೆಗಳಿಗೆ) ಅನುಮತಿ ಎಂದು ಪಟ್ಟಿ ಕೊಟ್ಟರೆ, ಪಟ್ಟಿಯಲ್ಲಿಲ್ಲದ ಕರೆ ಮಾಡಿದ ಪ್ರೋಗ್ರಾಂ ಅನ್ನು ಕರ್ನಲ್ ಅಲ್ಲೇ ಮುಗಿಸುತ್ತದೆ. ನಾನು ಆ ಪಟ್ಟಿಯನ್ನು ತೀರ ಜಿಪುಣತನದಿಂದ ಬರೆದಿದ್ದೆ.

ಕರ್ನಲ್ ಮೂಲಕ ಪ್ರೋಗ್ರಾಂಗೆ ತಲುಪುವ ಸೂಚನೆಗಳಾದ ಸಿಗ್ನಲ್‌ಗಳ ಪರೀಕ್ಷೆ ಶುರುವಾದ ದಿನ ಬೆಳಿಗ್ಗೆಯೇ ಅದರ ಫಲ ಕಂಡಿತು. ಅಲಾರಂ ಸಿಗ್ನಲ್ ಹಿಡಿಯುವ ಪುಟ್ಟ ಪ್ರೋಗ್ರಾಂ ಒಂದು, ಸಿಗ್ನಲ್ ಬಂದಾಗ ಓಡುವ ಹ್ಯಾಂಡ್ಲರ್‌ನೊಳಗಿನ ಸಾಲನ್ನು ಸರಿಯಾಗಿಯೇ ಮುದ್ರಿಸಿ, ಅಲ್ಲಿಂದ ಹೊರಬರುವಾಗ ಸತ್ತಿತು. ಹ್ಯಾಂಡ್ಲರ್ ಮುಗಿಸಿ ಹಳೆಯ ಜಾಗಕ್ಕೆ ಮರಳುವುದಕ್ಕೂ ಆರ್‌ಟಿ ಸಿಗ್‌ರಿಟರ್ನ್ ಎಂಬ ಸಿಸ್ಟಂ ಕಾಲ್ ಬೇಕೆಂಬುದು ನನಗೆ ಗೊತ್ತಿದ್ದೂ ಮರೆತುಹೋಗಿತ್ತು. ಸೇರಿಸಿದೆ.

ಮಧ್ಯಾಹ್ನದ ಸಾವು ಇಷ್ಟು ಸುಲಭದ್ದಾಗಿರಲಿಲ್ಲ. ಹೊರೆ ಹೆಚ್ಚಾದಾಗ ನಮ್ಮ ಸರ್ವರ್ ಸಿಗ್‌ಸ್ಟಾಪ್ ಕಳಿಸಿ ಕೆಲವು ಪ್ರೋಗ್ರಾಂಗಳನ್ನು ನಿಲ್ಲಿಸಿ, ಆಮೇಲೆ ಸಿಗ್‌ಕಾಂಟ್ ಕಳಿಸಿ ಮುಂದುವರಿಸುತ್ತದೆ. ಲೆಕ್ಕದಲ್ಲಿ ಮುಳುಗಿದ್ದವು ಏನೂ ಆಗದಂತೆ ಮುಂದುವರಿದರೆ, ಸ್ಲೀಪ್‌ನಲ್ಲಿದ್ದ ಒಂದು ಮಾತ್ರ ಸಿಗ್‌ಕಾಂಟ್ ತಲುಪಿದ ಕೂಡಲೇ ಸತ್ತಿತು. ಆದೇಶಗಳನ್ನು ಓಡಿಸುವ ಶೆಲ್ ತೋರಿಸಿದ ಸಂಖ್ಯೆ 159. ಸಿಗ್ನಲ್‌ನಿಂದ ಸತ್ತಾಗ ಶೆಲ್ ಸೇರಿಸುವ 128ನ್ನು ಅದರಿಂದ ಕಳೆದರೆ ಉಳಿಯುವ 31, ನಿಷಿದ್ಧ ಸಿಸ್ಟಂ ಕಾಲ್‌ಗೆ ಬರುವ ಸಿಗ್‌ಸಿಸ್ ಸಿಗ್ನಲ್‌ನ ಸಂಖ್ಯೆಯಾದ್ದರಿಂದ ಕೊಂದದ್ದು ನನ್ನ ಫಿಲ್ಟರೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಈ ಪ್ರೋಗ್ರಾಂನಲ್ಲಿ ಹ್ಯಾಂಡ್ಲರ್ ಇರಲಿಲ್ಲ. ಇದ್ದದ್ದು ಸ್ಲೀಪ್ ಒಂದೇ, ಅದಕ್ಕೆ ಅನುಮತಿಯೂ ಇತ್ತು. ಎರಡು ಗಂಟೆ ನನ್ನದೇ ಕೋಡನ್ನು ಶಂಕಿಸಿ, ಕೊನೆಗೆ ಕರ್ನಲ್‌ನ ಲಾಗ್ ತೆರೆದರೆ, ಸಿಗ್ನಲ್ 31ರ ಪಕ್ಕದಲ್ಲೇ ಸಿಸ್ಟಂ ಕಾಲ್ 219 ಎಂದಿತ್ತು.

64 ಬಿಟ್‌ನ ಇಂಟೆಲ್ ಯಂತ್ರದಲ್ಲಿ 219 ಎಂದರೆ ರೀಸ್ಟಾರ್ಟ್ ಸಿಸ್‌ಕಾಲ್. ಮೂರು ಸೆಕೆಂಡು ಮಲಗಲು ಹೊರಟ ಪ್ರೋಗ್ರಾಂ ಅನ್ನು ಮೊದಲ ಸೆಕೆಂಡಿನಲ್ಲೇ ತಡೆದರೆ, ಎದ್ದ ಮೇಲೆ ಅದು ಮತ್ತೆ ಪೂರ್ತಿ ಮೂರು ಸೆಕೆಂಡು ಮಲಗಬಾರದು. ಹಾಗಾಗಿ ಕರ್ನಲ್ ಎಚ್ಚರವಾಗಬೇಕಾದ ಹೊತ್ತನ್ನು ನೆನಪಿಟ್ಟುಕೊಂಡು, ಹಳೆಯ ಕರೆಯ ಬದಲು ಈ 219ನ್ನು ಪ್ರೋಗ್ರಾಂನಿಂದ ಮಾಡಿಸುತ್ತದೆ. ಆ ಕರೆಯೂ ಫಿಲ್ಟರ್ ದಾಟಿಯೇ ಹೋಗಬೇಕು. ಬಾಯಿಗೆ ಮಾತು ತುರುಕಿದ್ದು ಕರ್ನಲ್, ಆಡಿದ್ದಕ್ಕೆ ಶಿಕ್ಷೆ ಪ್ರೋಗ್ರಾಂಗೆ; ನನಗಂತೂ ಇದು ಅನ್ಯಾಯವೆಂದೇ ತೋರಿತು.

219ಕ್ಕೆ ಅನುಮತಿ ಕೊಟ್ಟು, ಮೂರು ಸೆಕೆಂಡಿನ ಸ್ಲೀಪನ್ನು ನಡುವೆ ನಿಲ್ಲಿಸಿ ಎಬ್ಬಿಸುವ ಪರೀಕ್ಷೆಯೊಂದನ್ನು ಬರೆದೆ. ಪ್ರೋಗ್ರಾಂ ಬದುಕಿದರೆ ಸಾಲದು, ಒಟ್ಟು ಮೂರು ಸೆಕೆಂಡಿನ ಆಸುಪಾಸಿನಲ್ಲೇ ಮುಗಿಯಬೇಕು ಎಂಬ ಷರತ್ತನ್ನೂ ಹಾಕಿದೆ. ಪ್ರತಿ ಸಲ ಮೂರು ಸೆಕೆಂಡು ಕಾಯಬೇಕಲ್ಲ ಎಂದು ಸಹೋದ್ಯೋಗಿಯೊಬ್ಬರು ಗೊಣಗಿದ ಮೇಲೆ, ಅದನ್ನು 300 ಮಿಲಿಸೆಕೆಂಡಿಗೆ ಇಳಿಸಿದೆ.